ಗಣಕಯಂತ್ರದ ಪುನಃಸ್ಥಾಪನಾ ಪ್ರತಿಗಳು: ಅರ್ಜಿದಾರರಿಗೆ ಮಾಹಿತಿ

ಮಲೆಬೆನ್ನೂರು ನಾಡಕಚೇರಿಯ ಸೇವೆಗಳಿಗೆ ಸ್ವಂತ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರ ಗಮನಕ್ಕೆ:

ವಿಂಡೋಸ್‌ನ ‘ಸಿಸ್ಟಂ ರಿಸ್ಟೋರ್’ ಸೌಲಭ್ಯವು ತಂತ್ರಾಂಶಗಳ ಹಿಂದಿನ ಸ್ಥಿತಿಯನ್ನು ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಿಡುತ್ತದೆ. ಇದಕ್ಕೆ ಹಲವು ಗಿಗಾಬೈಟ್ ಸ್ಥಳ ವ್ಯಯವಾಗಬಹುದು.

ಸ್ಥಳ ಸಾಲದಿದ್ದಲ್ಲಿ, ಸ್ಟಾರ್ಟ್ ಪಟ್ಟಿಯಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ‘ಕಾನ್ಫಿಗರ್’ ಒತ್ತಿ, ‘ಮ್ಯಾಕ್ಸ್ ಯೂಸೇಜ್’ ಮಿತಿಯನ್ನು ಇಳಿಸಬಹುದು. ಮಿತಿ ತುಂಬಿದಂತೆ ಹಳೆಯ ಪ್ರತಿಗಳು ತಾವಾಗಿಯೇ ಅಳಿಯುತ್ತವೆ. ಅಲ್ಲಿಯೇ ಇರುವ ‘ಡಿಲೀಟ್’ ಒತ್ತಿದಲ್ಲಿ ಆ ಡ್ರೈವ್‌ನ ಎಲ್ಲ ಪ್ರತಿಗಳೂ ಅಳಿಯುವುದರಿಂದ, ಕೂಡಲೇ ಹೊಸದೊಂದನ್ನು ರಚಿಸಿಕೊಳ್ಳತಕ್ಕದ್ದು.

ವಿಶೇಷ ಸೂಚನೆ: ಅಳಿಸಿಹೋದ ಪಡಿತರ ಚೀಟಿಯ ಸ್ಕ್ಯಾನ್ ಪ್ರತಿಯನ್ನಾಗಲಿ, ಅರ್ಜಿಯ ಸ್ವೀಕೃತಿಯನ್ನಾಗಲಿ ಈ ಸೌಲಭ್ಯವು ಮರಳಿ ತರುವುದಿಲ್ಲ. ಅವುಗಳನ್ನು ಪೆನ್‌ಡ್ರೈವ್‌ನಲ್ಲಿ ಪ್ರತ್ಯೇಕವಾಗಿ ಇರಿಸಿಕೊಂಡು, ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಕೋರಲಾಗಿದೆ.