ಸ್ಮೈಲಿ ಹಾಕಿದ್ರೆ ಟಿಪ್ ಬರುತ್ತಾ?

ವರ್ತೂರು ಕೋಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಡೆಲಿವರಿ ಹುಡುಗ ‘ಐದು ನಿಮಿಷ ಸರ್, ಬಂದೆ 🙂’ ಅಂತ ಮೆಸೇಜ್ ಹಾಕ್ತಾನೆ ಅಂದ್ಕೊಳ್ಳಿ. ಆ ನಗುಮುಖ ನೋಡಿ ನೀವು ಹತ್ತು ರೂಪಾಯಿ ಜಾಸ್ತಿ ಕೊಡ್ತೀರಾ? ಪ್ರಶ್ನೆ ತಮಾಷೆಯದು ಅನ್ನಿಸಬಹುದು. ಆದರೆ ದಿನವಿಡೀ ಗಾಡಿ ಓಡಿಸುವವರಿಗೆ ಇದು ಪೆಟ್ರೋಲ್ ಲೆಕ್ಕ.

ಇದಕ್ಕೆ ಹತ್ತಿರದ ಪ್ರಯೋಗವೊಂದು ಅಮೆರಿಕದಲ್ಲಿ ನಡೆದಿತ್ತು. ಬ್ರೂಸ್ ರಿಂಡ್ ಮತ್ತು ಪ್ರಶಾಂತ್ ಬೋರ್ಡಿಯಾ 1996ರಲ್ಲಿ ಅದನ್ನು ಪ್ರಕಟಿಸಿದರು. ಫಿಲಡೆಲ್ಫಿಯಾದ ಒಂದು ರೆಸ್ಟೋರೆಂಟ್‌ನಲ್ಲಿ ಸಪ್ಲೈಯರ್‌ಗಳು ಕೆಲವು ಬಿಲ್‌ಗಳ ಹಿಂದೆ ಪೆನ್ನಿನಲ್ಲಿ ನಗುಮುಖ ಬರೆದರು, ಕೆಲವನ್ನು ಹಾಗೇ ಬಿಟ್ಟರು. ಮಹಿಳೆ ಬರೆದಾಗ ಟಿಪ್ ಬಿಲ್ಲಿನ ಶೇ. 28ರಿಂದ 33ಕ್ಕೆ ಏರಿತು. ಪುರುಷ ಬರೆದಾಗ ಏರಲಿಲ್ಲ. 21ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಬರೀ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಅಂದರೆ ಚಿಹ್ನೆ ಒಂದೇ ಆದರೂ, ಬರೆದವರು ಯಾರು ಅನ್ನೋದರ ಮೇಲೆ ಫಲಿತಾಂಶ ಬದಲಾಗಬಹುದು.

ಈ ಲೆಕ್ಕವನ್ನು ನೇರವಾಗಿ ವರ್ತೂರಿಗೆ ತರೋಕಾಗಲ್ಲ. ಅಲ್ಲಿ ನಗುಮುಖ ನೋಡಿದ ಮೇಲೆ ಟಿಪ್ ಕೊಡ್ತಾರೆ. ಇಲ್ಲಿ ಎಷ್ಟೋ ಸಲ ಆರ್ಡರ್ ಮಾಡುವಾಗಲೇ ಆ್ಯಪ್ ಟಿಪ್ ಕೇಳುತ್ತೆ. ಮೆಸೇಜ್ ಬರೋದು ಆಮೇಲೆ. ಕಾರಣಕ್ಕಿಂತ ಮೊದಲೇ ಪರಿಣಾಮ ಬರೋಕೆ ಸಾಧ್ಯವಿಲ್ಲವಲ್ಲ! ಇನ್ನು ಆ್ಯಪ್ ತಾನೇ ಕಳಿಸುವ ನೋಟಿಫಿಕೇಶನ್‌ನಲ್ಲಿ ಇರುವ ಎಮೋಜಿ ಕಂಪನಿಯದು, ಗಾಡಿಯ ಮೇಲಿರುವವನದಲ್ಲ.

ಹಾಗಾದರೆ ಪರೀಕ್ಷಿಸೋದು ಹೇಗೆ? ಇಪ್ಪತ್ತು ಆರ್ಡರ್‌ಗೆ ಸ್ಮೈಲಿ ಹಾಕಿ, ಇಪ್ಪತ್ತಕ್ಕೆ ಬಿಟ್ಟು, ನಾಲ್ಕು ಟಿಪ್ ಮತ್ತು ಎರಡು ಟಿಪ್ ಬಂದರೆ ‘ಡಬಲ್ ಆಯ್ತು’ ಅನ್ನಬೇಡಿ. ಅಷ್ಟು ವ್ಯತ್ಯಾಸ ಸುಮ್ಮನೆ ಬರುತ್ತೆ. ನೂರಕ್ಕೆ 10 ಜನ ಕೊಡುತ್ತಿದ್ದದ್ದು 15 ಆಗಿದೆ ಅಂತ ನಂಬಿಕೆಯಿಂದ ಹೇಳಬೇಕಾದರೆ ಪ್ರತಿ ಗುಂಪಿಗೆ ಸುಮಾರು 700 ಆರ್ಡರ್ ಬೇಕು. ಯಾವುದಕ್ಕೆ ಸ್ಮೈಲಿ ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಇಲ್ಲದಿದ್ದರೆ ಮಳೆ, ತಡ, ಬಿಲ್ ಮೊತ್ತ ಎಲ್ಲವೂ ಎಮೋಜಿಯ ಲೆಕ್ಕಕ್ಕೆ ಸೇರಿಬಿಡುತ್ತೆ.

ಒಂದು ವೇಳೆ ಪರಿಣಾಮ ಇದೆ ಅಂತಲೇ ಗೊತ್ತಾದರೆ? ನಾಳೆಯಿಂದ ಎಲ್ಲರೂ ಸ್ಮೈಲಿ ಹಾಕ್ತಾರೆ, ಹಾಕದವನು ಒರಟ ಅನ್ನಿಸಿಕೊಳ್ತಾನೆ. ಟ್ರಾಫಿಕ್ ಮಧ್ಯೆ ಟೈಪ್ ಮಾಡುವ ಅಪಾಯವೂ ಅವನದೇ. ಟಿಪ್ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಅದರ ಮೇಲೆ ಸಂಸಾರ ನಡೆಸೋಕಾಗಲ್ಲ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಬೇರೆ ದಾರಿ ಹಿಡಿದಿದೆ: ಕಾರ್ಮಿಕರಿಗೆ ಕೊಡುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಇದಕ್ಕೆ ಯಾರ ನಗುವೂ ಬೇಕಿಲ್ಲ.

ಟಿಪ್ ಕೊಡೋದು ಬಿಡೋದು ನಿಮ್ಮಿಷ್ಟ. ಆದರೆ ಮೆಸೇಜ್‌ನಲ್ಲಿ ಸ್ಮೈಲಿ ಇಲ್ಲ ಅಂತ ಸ್ಟಾರ್ ಮಾತ್ರ ಕಡಿಮೆ ಮಾಡಬೇಡಿ.