ವೈದ್ಯರ ಕೈ ನಡುಗಿದರೆ ಸಂಬಳ ಕೊಡುವವರಾರು?

ಮಾಟುಂಗದ ಒಂದು ಹೊಟೇಲಿನಲ್ಲಿ ಆದಿತ್ಯವಾರ ಬೆಳಿಗ್ಗೆ ನಮಗೆ ತಪ್ಪದೆ ಭೇಟಿಯಾಗುವ ಹಿರಿಯರೊಬ್ಬರಿದ್ದಾರೆ. ಕೋಟೆ ವಿಭಾಗದ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಕಾರಕೂನರಾಗಿ ದುಡಿದು ನಿವೃತ್ತರಾದವರು. ಅವರ ಮಗಳು ಮಣಿಪಾಲದಲ್ಲಿ ವೈದ್ಯಶಾಸ್ತ್ರ ಓದಿ, ಅಮೆರಿಕೆಯಲ್ಲಿ ತರಬೇತಿ ಮುಗಿಸಿ, ಈಗ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಶಸ್ತ್ರವೈದ್ಯೆಯಾಗಿ ಕೆಲಸಕ್ಕೆ ಸೇರಿದ್ದಾಳೆ. ಸೇರಿದೊಡನೆ ಆಸ್ಪತ್ರೆಯವರು ಅವಳ ಕೈಗೆ ಇಪ್ಪತ್ತು ಪುಟಗಳ ಕಾಗದವೊಂದನ್ನಿತ್ತರಂತೆ. ಆಕೆ ಅದನ್ನು ತಂದೆಗೆ ಕಳುಹಿಸಿ, "ಅಪ್ಪಾ, ಮೂವತ್ತೊಂದು ದಿನಗಳೊಳಗೆ ಒಪ್ಪಿಗೆ ಹೇಳಬೇಕು. ಲೆಕ್ಕಪತ್ರ ಓದಿದ ಕಣ್ಣು ನಿಮ್ಮದು; ಒಮ್ಮೆ ನೋಡಿ" ಎಂದು ಕೇಳಿದ್ದಳು. ಹಿರಿಯರು ಆ ಕಾಗದವನ್ನು ನಮ್ಮ ಮುಂದಿಟ್ಟರು. ಎರಡು ಆದಿತ್ಯವಾರ ನಾವಿಬ್ಬರೂ ಅದರ ಮೇಲೆ ಕುಳಿತೆವು. ಅದರಲ್ಲಿ ಕಂಡುದು ಡಾಕ್ಟರರಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲವೆಂದು ತೋರಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಅದು ಜೀವವಿಮೆಯ ಕಾಗದವಲ್ಲ. ಜೀವವಿಮೆ ಸತ್ತ ಮೇಲೆ ಮನೆಯವರಿಗೆ ಹಣ ಕೊಡುತ್ತದೆ. ಇದಾದರೋ ಮನುಷ್ಯನು ಬದುಕಿದ್ದು, ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯಲಾರದೆ ಹೋದಾಗ ತಿಂಗಳು ತಿಂಗಳು ಸಂಬಳದ ಒಂದಂಶವನ್ನು ಕೊಡುವ ವಿಮೆ. ಸಂಪಾದನೆಯ ವಿಮೆ ಎನ್ನೋಣ. ಆಸ್ಪತ್ರೆಯು ತನ್ನ ಎಲ್ಲ ವೈದ್ಯರ ಪರವಾಗಿ ಒಂದೇ ಪಾಲಿಸಿ ತೆಗೆದುಕೊಂಡರೆ ಅದಕ್ಕೆ ಗುಂಪು ವಿಮೆಯೆನ್ನುತ್ತಾರೆ. ಸತ್ತವನ ಮನೆಯಲ್ಲಿ ಒಂದು ಸಂಪಾದನೆ ನಿಲ್ಲುತ್ತದೆ. ಹಾಸಿಗೆ ಹಿಡಿದವನ ಮನೆಯಲ್ಲಿ ಸಂಪಾದನೆಯೂ ನಿಲ್ಲುತ್ತದೆ, ಔಷಧದ ಖರ್ಚೂ ಬೆಳೆಯುತ್ತದೆ. ಇದು ನಮ್ಮ ವಾಚಕರಿಗೆ ಹೇಳಿಕೊಡಬೇಕಾದ ಮಾತಲ್ಲ.

ಉಳಿತಾಯವಿದ್ದರೆ ಸಾಲದೆ ಎಂದು ಕೇಳಬಹುದು. ಮಣಿಪಾಲದ ವೈದ್ಯಕೀಯ ಕಾಲೇಜನ್ನು 1953ರಲ್ಲಿ ಕಟ್ಟಿದ ಡಾ. ಟಿ.ಎಂ.ಎ. ಪೈಯವರು ಸ್ವತಃ ವೈದ್ಯರು. 1928ರಲ್ಲಿ ದಿನಕ್ಕೆರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿ ಬಡವರಿಗೂ ಉಳಿತಾಯ ಕಲಿಸಿದವರಲ್ಲೊಬ್ಬರು. ಪಿಗ್ಮಿಯ ಹಣದಿಂದ ತಂಗಿಯ ಮದುವೆ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದರೆ ನಲವತ್ತರ ವಯಸ್ಸಿನಲ್ಲಿ ದುಡಿಮೆ ನಿಂತರೆ ಮುಂದಿನ ಇಪ್ಪತ್ತೈದು ವರ್ಷಗಳನ್ನು ಯಾವ ಪಿಗ್ಮಿಯೂ ಸಾಕಲಾರದು. ವೈದ್ಯರ ಪಾಡು ಇನ್ನೂ ವಿಚಿತ್ರ. ಅವರು ಮೂವತ್ತು ದಾಟುವ ತನಕ ಓದುತ್ತಲೇ ಇರುತ್ತಾರೆ; ಅಮೆರಿಕೆಯಲ್ಲಿ ಓದಿದವರ ತಲೆಯ ಮೇಲೆ ಲಕ್ಷಗಟ್ಟಲೆ ಡಾಲರುಗಳ ಸಾಲವೂ ಇರುವುದುಂಟು. ಆಸ್ತಿಯೆಂದು ಅವರಿಗಿರುವುದು ಮುಂದೆ ದುಡಿಯುವ ಶಕ್ತಿಯೊಂದೇ.

ಗುಂಪು ವಿಮೆಯ ಗುಣವನ್ನು ಮೊದಲು ಹೇಳಿಬಿಡೋಣ. ಅದು ಅಗ್ಗ. ಅನೇಕ ಕಡೆ ಕಂತನ್ನು ಆಸ್ಪತ್ರೆಯೇ ಕಟ್ಟುತ್ತದೆ. ಸೇರುವಾಗ ದೇಹಪರೀಕ್ಷೆ ಕೇಳುವುದಿಲ್ಲವಾದ್ದರಿಂದ, ಬೇರೆಡೆ ಬಾಗಿಲು ಮುಚ್ಚಿಸಿಕೊಳ್ಳಬಹುದಾದ ಸಕ್ಕರೆ ರೋಗದವರಿಗೂ ಇಲ್ಲಿ ಜಾಗವುಂಟು. ಆದರೆ ಸೇರುವುದಕ್ಕೆ ಕೆಲವು ತಿಂಗಳ ಮುಂಚೆ ಚಿಕಿತ್ಸೆ ಪಡೆದ ಕಾಯಿಲೆಯು ಮೊದಲ ವರ್ಷದಲ್ಲೇ ಮರುಕಳಿಸಿದರೆ ಹಣ ಕೊಡೆವೆಂಬ ಶರತ್ತು ಸಾಮಾನ್ಯವಾಗಿ ಇರುತ್ತದೆ.

ಇನ್ನು ಲೆಕ್ಕ. "ಸಂಬಳದ ನೂರಕ್ಕೆ ಅರವತ್ತು" ಎಂದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹಿರಿಯರು ತಮ್ಮ ಹಳೆಯ ಅಭ್ಯಾಸದಂತೆ ಕೊನೆಯ ಪುಟದಿಂದ ಓದತೊಡಗಿದರು. ಅಲ್ಲಿ "ತಿಂಗಳಿಗೆ 10,000 ಡಾಲರು ಮೀರದಂತೆ" ಎಂಬ ಮಾತು ಸಿಕ್ಕಿತು. ಇಂಥ ಮಿತಿಗಳು ಈ ಪಾಲಿಸಿಗಳಲ್ಲಿ ಮಾಮೂಲು. ತಿಂಗಳಿಗೆ 30,000 ಡಾಲರು ಸಂಪಾದಿಸುವ ಶಸ್ತ್ರವೈದ್ಯೆಗೆ ಅರವತ್ತರ ಲೆಕ್ಕದಲ್ಲಿ 18,000 ಬರಬೇಕು. ಮಿತಿಯ ದೆಸೆಯಿಂದ ಬರುವುದು 10,000, ಎಂದರೆ ಮೂರರಲ್ಲೊಂದು ಪಾಲು. ಅಲ್ಲಿಯ ಸರಕಾರ 1956ರಲ್ಲಿ ತನ್ನ ಸಾಮಾಜಿಕ ಭದ್ರತೆಯ ಯೋಜನೆಗೆ ಅಶಕ್ತರ ವೇತನವನ್ನು ಸೇರಿಸಿತು. ಅದರಿಂದ 3,000 ದೊರೆತರೆ ವಿಮಾ ಕಂಪನಿ ಅಷ್ಟನ್ನು ಮುರಿದುಕೊಂಡು 7,000 ಮಾತ್ರ ಕೊಡುತ್ತದೆ. ಕಂತನ್ನು ಆಸ್ಪತ್ರೆ ಕಟ್ಟಿದ್ದರೆ ಬಂದ ಹಣಕ್ಕೆ ಆದಾಯ ತೆರಿಗೆ ಬೇರೆ. ವೈದ್ಯೆಯೇ ತೆರಿಗೆ ತೆತ್ತ ತನ್ನ ಸಂಬಳದಿಂದ ಕಂತು ಕಟ್ಟಿದ್ದರೆ ಆ ತೆರಿಗೆಯಿಲ್ಲ. ಕೆಲವು ಆಸ್ಪತ್ರೆಗಳು ಈ ಆಯ್ಕೆಯನ್ನು ವೈದ್ಯರಿಗೇ ಬಿಡುತ್ತವೆ; ಕೇಳಿದವರಿಗೆ ಉಂಟು, ಕೇಳದವರಿಗಿಲ್ಲ. ಹಣವೂ ಮರುದಿನವೇ ಬರುವುದಲ್ಲ. ಅಶಕ್ತತೆ ಆರಂಭವಾಗಿ 90 ದಿನವೋ 180 ದಿನವೋ ಕಾಯಬೇಕು.

ಇಷ್ಟಾದರೂ ಇವೆಲ್ಲ ಕೂಡಿ ಕಳೆಯುವ ಬಾಬತ್ತು. ಪಾಲಿಸಿಯ ಪ್ರಾಣವಿರುವುದು ಬೇರೊಂದು ಕಡೆ: "ದುಡಿಯಲಾರದವನು" ಎಂದರೆ ಯಾರು?

ಕಣ್ಣಿನ ಪೊರೆ ತೆಗೆಯುವ ವೈದ್ಯೆಯ ಕೈಬೆರಳು ನಡುಗಲಾರಂಭಿಸಿತೆನ್ನಿ. ಆಕೆ ನಡೆಯಬಲ್ಲಳು, ಮಾತಾಡಬಲ್ಲಳು, ಕಾಲೇಜಿನಲ್ಲಿ ಪಾಠ ಹೇಳಬಲ್ಲಳು, ರೋಗಿಯ ಕಣ್ಣು ನೋಡಿ ಚೀಟಿ ಬರೆಯಬಲ್ಲಳು. ಶಸ್ತ್ರ ಹಿಡಿಯಲಾರಳು. ಆಕೆ ಅಶಕ್ತಳೋ ಅಲ್ಲವೋ? "ಸ್ವಂತ ವೃತ್ತಿ" ಎಂಬ ಅರ್ಥವಿವರಣೆಯಿದ್ದರೆ ಅಶಕ್ತಳು. "ಯಾವುದೇ ವೃತ್ತಿ" ಎಂದಿದ್ದರೆ, ಆಕೆಯ ಓದು ಅನುಭವಗಳಿಗೆ ಒಪ್ಪುವ ಬೇರೆ ಕೆಲಸವಿರುವ ತನಕ ಅಶಕ್ತಳಲ್ಲ. ಗುಂಪು ಪಾಲಿಸಿಗಳಲ್ಲಿ ಬಹಳಷ್ಟು, ಮೊದಲ 24 ತಿಂಗಳು ಸ್ವಂತ ವೃತ್ತಿಯ ಅರ್ಥವನ್ನು ಹಿಡಿದು, ಇಪ್ಪತ್ತೈದನೆಯ ತಿಂಗಳಿಂದ ಯಾವುದೇ ವೃತ್ತಿಗೆ ಹಾರುತ್ತವೆ. ಎರಡು ವರ್ಷ ಹಣ ಬಂದುದನ್ನು ನಂಬಿ ಮನೆಯ ಸಾಲ ತೀರಿಸುತ್ತಿದ್ದವರಿಗೆ ಆಗ ಒಂದು ಪತ್ರ ಬರುತ್ತದೆ. ಸರಕಾರದ ಯೋಜನೆಯಂತೂ ಇನ್ನೂ ಬಿಗಿ. ಅಲ್ಲಿ ಗಣ್ಯವಾದ ಯಾವ ದುಡಿಮೆಯೂ ಸಾಧ್ಯವಿಲ್ಲವೆಂದು ತೋರಿಸಬೇಕು.

"ಸ್ವಂತ ವೃತ್ತಿ" ಎಂದು ಬರೆದಿದ್ದರೂ ನಿಶ್ಚಿಂತೆಯಿಲ್ಲ. ಆ ವೃತ್ತಿ ಯಾವುದು? "ವೈದ್ಯ" ಎಂದಷ್ಟೇ ಇದ್ದರೆ, ಚೀಟಿ ಬರೆಯುವುದೂ ವೈದ್ಯವೃತ್ತಿಯೇ ಎಂದು ಕಂಪನಿ ವಾದಿಸಬಹುದು. ಆಕೆಯ ವಿಶೇಷ ಶಾಖೆ, ಎಂದರೆ ಕಣ್ಣಿನ ಶಸ್ತ್ರಚಿಕಿತ್ಸೆ, ಹೆಸರು ಹಿಡಿದು ಬರೆದಿರಬೇಕು. ಮನೋರೋಗವಾದರೆ ಎರಡೇ ವರ್ಷದ ಹಣವೆಂಬ ಮಿತಿಯೂ ಸಾಮಾನ್ಯ. ರಾತ್ರಿ ಹಗಲೆನ್ನದೆ ದುಡಿದು ಬಳಲುವ ವೈದ್ಯರಿಗೆ ಇದು ಸಣ್ಣ ಮಾತಲ್ಲವೆಂದು ನಮ್ಮ ಅಭಿಪ್ರಾಯ.

ಕಂಪನಿಗಳು ಇಷ್ಟು ಬಿಗಿಯಾದುದಕ್ಕೊಂದು ಚರಿತ್ರೆಯುಂಟು. 1980ರ ದಶಕದಲ್ಲಿ ಅಮೆರಿಕೆಯ ವಿಮಾ ಕಂಪನಿಗಳು ವೈದ್ಯರನ್ನು ಅತ್ಯುತ್ತಮ ಗಿರಾಕಿಗಳೆಂದು ಬಗೆದು, ರದ್ದುಪಡಿಸಲಾಗದ, ಸ್ವಂತ ವೃತ್ತಿಯ ವೈಯಕ್ತಿಕ ಪಾಲಿಸಿಗಳನ್ನು ಪೈಪೋಟಿಯಿಂದ ಮಾರಿದವು. ತಮ್ಮ ವೃತ್ತಿಯನ್ನು ಇಷ್ಟು ಪ್ರೀತಿಸುವವರು ಕಾರಣವಿಲ್ಲದೆ ಬಿಟ್ಟಾರೆಯೆ ಎಂಬುದು ಅವರ ಲೆಕ್ಕ. ಆ ಮೇಲೆ ಚಿಕಿತ್ಸೆಯ ದರಗಳ ಮೇಲೆ ಕಡಿವಾಣ ಬಿದ್ದು ವೈದ್ಯರ ವರಮಾನ ಕುಗ್ಗಿತು, ಕೆಲಸದ ಬೇಸರ ಹೆಚ್ಚಿತು, ಪರಿಹಾರ ಕೇಳುವವರ ಸಂಖ್ಯೆಯೂ ಏರಿತು. 1990ರ ದಶಕದಲ್ಲಿ ಭಾರಿ ನಷ್ಟವನ್ನುಂಡ ಕಂಪನಿಗಳು ಕೆಲವು ಈ ವ್ಯಾಪಾರವನ್ನೇ ಬಿಟ್ಟವು, ಕೆಲವು ಒಂದರೊಳಗೊಂದು ಸೇರಿಹೋದವು, ಉಳಿದವು ಶರತ್ತುಗಳನ್ನು ಬಿಗಿಗೊಳಿಸಿದವು.

ಮತ್ತೊಂದು ತೊಡಕು ಕಾನೂನಿನದು. ಸರಕಾರಿ ಆಸ್ಪತ್ರೆ ಮತ್ತು ಚರ್ಚುಗಳ ಆಸ್ಪತ್ರೆಗಳನ್ನು ಬಿಟ್ಟರೆ, ಮಾಲಿಕರು ನೌಕರರಿಗಾಗಿ ಮಾಡಿಸುವ ವಿಮೆಗೆ ಅಲ್ಲಿ 1974ರ ಒಂದು ಕೇಂದ್ರ ಶಾಸನ ಅನ್ವಯಿಸುತ್ತದೆ. ಕಂಪನಿ ಹಣ ನಿರಾಕರಿಸಿದರೆ ಮೊದಲು ಅದೇ ಕಂಪನಿಗೆ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅನಂತರ ನ್ಯಾಯಾಲಯಕ್ಕೆ ಹೋದರೂ ನ್ಯಾಯಾಧೀಶರು ಸಾಮಾನ್ಯವಾಗಿ ಕಂಪನಿಯ ಕಡತದಲ್ಲಿ ಆಗಲೇ ಇದ್ದ ಕಾಗದಗಳನ್ನಷ್ಟೇ ನೋಡುತ್ತಾರೆ. ವೈದ್ಯರ ಪ್ರಮಾಣಪತ್ರ, ಪರೀಕ್ಷಾ ವರದಿ ಮೊದಲಾದುವನ್ನು ಮೇಲ್ಮನವಿಯ ಹೊತ್ತಿಗೇ ಕಡತಕ್ಕೆ ಸೇರಿಸದಿದ್ದವರು ಮುಂದೆ ಪರಿತಪಿಸಬೇಕಾಗುತ್ತದೆ. ಕೆಲಸ ಬಿಟ್ಟರೆ ಗುಂಪು ವಿಮೆ ಹೆಚ್ಚಾಗಿ ಜೊತೆಯಲ್ಲಿ ಬಾರದು. ಆಸ್ಪತ್ರೆ ಅದನ್ನು ಬದಲಿಸಲೂಬಹುದು, ನಿಲ್ಲಿಸಲೂಬಹುದು.

ಆದುದರಿಂದಲೇ ಅಲ್ಲಿ ತಿಳಿದವರು ಗುಂಪು ವಿಮೆಯನ್ನು ಅಡಿಪಾಯವಾಗಿಟ್ಟುಕೊಂಡು, ಆರೋಗ್ಯ ಚೆನ್ನಾಗಿರುವಾಗ, ಸಾಧ್ಯವಾದರೆ ತರಬೇತಿಯ ಕಾಲದಲ್ಲೇ, ಸ್ವಂತ ಹೆಸರಿನಲ್ಲಿ ಇನ್ನೊಂದು ಪಾಲಿಸಿ ತೆಗೆದುಕೊಳ್ಳುತ್ತಾರೆ. ಅದಕ್ಕೆ ದೇಹಪರೀಕ್ಷೆಯುಂಟು, ಕಂತು ದುಬಾರಿ. ಆದರೆ ಕೆಲಸ ಬದಲಾದರೂ ಅದು ಬಿಟ್ಟುಹೋಗದು.

ಇದನ್ನೆಲ್ಲ ಓದಿ ಮುಗಿಸಿದಾಗ ಹಿರಿಯರು, "ನಮ್ಮವರಿಗೂ ಇಂಥದೊಂದಿದೆಯಲ್ಲ!" ಎಂದರು. ಇದೆ. ಪ್ರೊಫೆಸರ್ ಅಡಾರಕರರ 1944ರ ವರದಿಯ ತಳಹದಿಯ ಮೇಲೆ 1948ರಲ್ಲಿ ಶಾಸನವಾಗಿ, 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಕಾರ್ಮಿಕರ ರಾಜ್ಯ ವಿಮೆ, ಎಂದರೆ ನಾವು ಇ.ಎಸ್.ಐ. ಎಂದು ಕರೆಯುವ ಯೋಜನೆ, ನಿಜದಲ್ಲಿ ದೇಶವ್ಯಾಪಿಯಾದ ಗುಂಪು ಸಂಪಾದನಾ ವಿಮೆಯೇ. 2025ರ ನವೆಂಬರ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೊಟೇಲುಗಳೂ ಇದರೊಳಗೆ ಬರುತ್ತವೆ. ವೇತನದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ಗೊತ್ತುಪಡಿಸಿದಂತೆ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನದು ಮೂರೂಕಾಲು. ಕಾಯಿಲೆಗೆ ವರ್ಷದಲ್ಲಿ 91 ದಿನಗಳವರೆಗೆ ವೇತನದ ನೂರಕ್ಕೆ ಎಪ್ಪತ್ತು. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಸಂದಿರಬೇಕು. ಕ್ಷಯ, ಕ್ಯಾನ್ಸರ್ ಮುಂತಾದ ದೀರ್ಘರೋಗಗಳಿಗೆ ನೂರಕ್ಕೆ ಎಂಬತ್ತರಂತೆ ಎರಡು ವರ್ಷಗಳ ತನಕ ಸಿಗುವ ಏರ್ಪಾಡಿದೆ. ಕೆಲಸದಲ್ಲಿ ಗಾಯವಾದರಂತೂ ಸೇರಿದ ಮೊದಲ ದಿನವೇ ಆಗಿದ್ದರೂ ನೂರಕ್ಕೆ ತೊಂಬತ್ತು. 2010ರ ತಿದ್ದುಪಡಿಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ ಅದರಲ್ಲಿ ಸೇರಿತು.

ಅಮೆರಿಕೆಯ ಶಸ್ತ್ರವೈದ್ಯೆಯ ಪ್ರಶ್ನೆ ನಮ್ಮ ನ್ಯಾಯಾಲಯಗಳ ಮುಂದೆಯೂ ಬಂದಿದೆ. ಒರಿಸ್ಸಾದ ಬಡಗಿಯೊಬ್ಬನು 1968ರಲ್ಲಿ ಸಿನಿಮಾ ಮಂದಿರವೊಂದರ ಕೆಲಸದಲ್ಲಿ ಬಿದ್ದು, ಅವನ ಎಡತೋಳನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ನಷ್ಟವನ್ನು ಭಾಗಶಃ ಎಂದೇ ಎಣಿಸಬೇಕೆಂದು ಧನಿ ವಾದಿಸಿದನು. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲವಾದುದರಿಂದ ನಷ್ಟ ಪೂರ್ಣವೆಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಎತ್ತಿಹಿಡಿಯಿತು. ಅದು 1923ರ ಪರಿಹಾರ ಕಾಯಿದೆಯ ಮೊಕದ್ದಮೆ. ವಾಹನ ಅಪಘಾತದ ಮೊಕದ್ದಮೆಯೊಂದರಲ್ಲಿ 2010ರಲ್ಲಿ ಅದೇ ನ್ಯಾಯಾಲಯ ಇನ್ನೂ ಬಿಡಿಸಿ ಹೇಳಿತು: ಎಡಗೈ ಹೋದ ಬಡಗಿಯ ಅಥವಾ ಚಾಲಕನ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಅದೇ ಕೈ ಹೋದ ಸರಕಾರಿ ಗುಮಾಸ್ತನು ಕೆಲಸದಲ್ಲಿ ಮುಂದುವರಿಯಬಹುದಾದುದರಿಂದ ಅವನ ನಷ್ಟ ಎಷ್ಟೋ ಕಡಿಮೆ. ದೋಸೆಕಲ್ಲಿನ ಮುಂದೆ ನಿಲ್ಲುವ ಭಟ್ಟರ ಬಲಗೈ ಸುಟ್ಟು ಸೆಟೆದರೆ, ಅವರು ಗಲ್ಲೆಯ ಮೇಲೆ ಕುಳಿತು ಚಿಲ್ಲರೆ ಎಣಿಸಬಲ್ಲರೆಂದು ಯಾರಾದರೂ ಹೇಳಿದಾಗ ಈ ತೀರ್ಪುಗಳನ್ನು ನೆನಪಿಗೆ ತಂದುಕೊಳ್ಳಬೇಕು. ಇ.ಎಸ್.ಐ.ಯ ವೈದ್ಯಕೀಯ ಮಂಡಳಿ ಕೊಟ್ಟ ಶೇಕಡಾವಾರು ಲೆಕ್ಕ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿಯಿದೆ.

ಹಿರಿಯರು ಆ ರಾತ್ರಿ ಮಗಳನ್ನು ದೂರವಾಣಿಯಲ್ಲಿ ಕೇಳಿದುದು ಒಂದೇ ಪ್ರಶ್ನೆ: ನಿನ್ನ ಪಾಲಿಸಿಯಲ್ಲಿ "ವೈದ್ಯೆ" ಎಂದಿದೆಯೋ, "ಕಣ್ಣಿನ ಶಸ್ತ್ರವೈದ್ಯೆ" ಎಂದಿದೆಯೋ? ವೈದ್ಯೆ ಎಂದಷ್ಟೇ ಇತ್ತು. ಗುಂಪು ವಿಮೆಗೆ ಒಪ್ಪಿಗೆ ಕೊಟ್ಟು, ಸ್ವಂತ ಪಾಲಿಸಿಯೊಂದಕ್ಕೂ ಆಕೆ ಅರ್ಜಿ ಹಾಕಿದ್ದಾಳೆ. ಮುಂದಿನ ಆದಿತ್ಯವಾರ ಇದನ್ನು ನಮಗೆ ತಿಳಿಸುತ್ತಿದ್ದಾಗ ಕಾಫಿ ತಂದಿಟ್ಟ ಹುಡುಗನ ಮುಂಗೈಯಲ್ಲಿ ಎಣ್ಣೆ ಸಿಡಿದ ಹೊಸ ಕಲೆಯಿತ್ತು. ಇ.ಎಸ್.ಐ. ನಂಬರು ಗೊತ್ತುಂಟೋ ಎಂದು ಹಿರಿಯರು ಅವನನ್ನು ಕೇಳಿದರು. "ಸಂಬಳದಲ್ಲಿ ಹಿಡಿಯುತ್ತಾರೆ ಮಾರಾಯ್ರೆ. ನಂಬರು ಮಾತ್ರ ನಾನು ನೋಡಿಲ್ಲ" ಎಂದನು. ಅದು ಹತ್ತಂಕಿಗಳ ನಂಬರು, ಕೆಲಸ ಬದಲಾಯಿಸಿದರೂ ಬದಲಾಗದು, ಸಂಜೆ ಧನಿಗಳಿಂದ ಕೇಳಿ ಬರೆದಿಟ್ಟುಕೋ ಎಂದು ಹಿರಿಯರು ಬಿಲ್ಲಿನ ಹಿಂಭಾಗದಲ್ಲಿ ಗೆರೆ ಎಳೆದು ಕೊಟ್ಟರು.