ಅಪಧಮನಿಯೋ, ಅಭಿಧಮನಿಯೋ? ಹೆಸರನ್ನು ಬಿಡಿಸಿ ಓದೋಣ



ಜೀವಶಾಸ್ತ್ರದ ಪಾಠ ಅರ್ಥವಾಗುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಎದ್ದು ನಿಂತು ಭಾಗಗಳ ಹೆಸರು ಹೇಳಿ ಎಂದರೆ ನಾಲಿಗೆ ತೊಡರುತ್ತದೆ, ಅಲ್ವಾ? ಗಡಿನಾಡಿನ ನಮಗೆ ಈ ಕಷ್ಟ ಸ್ವಲ್ಪ ಹೆಚ್ಚು. ಪುಸ್ತಕದಲ್ಲಿ ಕನ್ನಡದ ಹೆಸರು, ಸುತ್ತಮುತ್ತ ರಾಜ್ಯಭಾಷೆಯ ಹೆಸರು, ಮುಂದೆ ಹನ್ನೊಂದನೇ ತರಗತಿಗೆ ಹೋದರೆ ಇಂಗ್ಲಿಷ್ ಹೆಸರು. ಗಾಬರಿ ಬೇಡ. ಹೆಸರನ್ನು ಬಿಡಿಸಿ ನೋಡಲು ಕಲಿತರೆ ಬಾಯಿಪಾಠದ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಅಪ ಅಂದರೆ ಆಚೆಗೆ, ಅಭಿ ಅಂದರೆ ಕಡೆಗೆ

ಧಮನಿ ಎಂದರೆ ರಕ್ತದ ನಾಳ. 'ಅಪ' ಎಂದರೆ ದೂರಕ್ಕೆ. ಅಪಹರಣ ಎನ್ನುವಾಗ ಇರುವುದೂ ಇದೇ. 'ಅಭಿ' ಎಂದರೆ ಕಡೆಗೆ. ಅಭಿಮುಖ ಎಂಬ ಪದ ನೆನಪಿಸಿಕೊಳ್ಳಿ. ಹಾಗಾದರೆ ಅಪಧಮನಿ ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುತ್ತದೆ, ಅಭಿಧಮನಿ ಹೃದಯದ ಕಡೆಗೆ ತರುತ್ತದೆ. ಮಾತಿನಲ್ಲಿ ಮಹಾಪ್ರಾಣ ಸ್ವಲ್ಪ ತಗ್ಗಿದರೂ ಕೇಳುವವರಿಗೆ ತಿಳಿಯುತ್ತದೆ. ಅಪ, ಅಭಿ ಅದಲುಬದಲಾದರೆ ಮಾತ್ರ ರಕ್ತವೇ ಉಲ್ಟಾ ಹರಿದಂತೆ!

ಪರೀಕ್ಷೆಯಲ್ಲಿ ಹಲವರು ಎಡವುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತವಿದೆ. ಆದರೂ ಅದು ಅಪಧಮನಿಯೇ. ಯಾಕೆ? ಹೆಸರು ಹೇಳುವುದು ರಕ್ತ ಹೋಗುವ ದಿಕ್ಕನ್ನು, ರಕ್ತದಲ್ಲಿ ಏನಿದೆ ಎಂಬುದನ್ನಲ್ಲ.

ನೆರೆಭಾಷೆಯ ಹೆಸರುಗಳು

ಮಲಯಾಳ, ತೆಲುಗು ಪುಸ್ತಕಗಳಲ್ಲಿ ಬರೀ 'ಧಮನಿ' ಎಂದರೆ ನಮ್ಮ ಅಪಧಮನಿ, 'ಸಿರ' ಎಂದರೆ ಅಭಿಧಮನಿ. ತಮಿಳಿನಲ್ಲಿ ಇವೇ 'ತಮನಿ', 'ಸಿರೈ'. ಮರಾಠಿಯಲ್ಲಿ 'ಧಮನಿ', 'ಶಿರಾ'. ಶಿರಾ ಎಂದು ಕಂಡರೆ ತಲೆ ಎಂದುಕೊಳ್ಳಬೇಡಿ, ಅದು ರಕ್ತನಾಳ!

ಅತಿ ಸಣ್ಣ ರಕ್ತನಾಳಕ್ಕೆ ನಾವು ಲೋಮನಾಳ ಎನ್ನುತ್ತೇವೆ. ಲೋಮ ಎಂದರೆ ಕೂದಲು. ಮಲಯಾಳದ 'ಲೋಮಿಕ', ತೆಲುಗಿನ 'ಕೇಶನಾಳಿಕ', ಮರಾಠಿಯ 'ಕೇಶಿಕಾ' ಎಲ್ಲದರಲ್ಲೂ ಕೂದಲೇ ಇದೆ. ಇಂಗ್ಲಿಷಿನ ಕ್ಯಾಪಿಲರಿ ಬಂದದ್ದೂ ಕೂದಲು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಒಂದು ತಿಳಿದರೆ ಐದು ತಿಳಿದ ಹಾಗೆ.

ಉದ್ದ ಹೆಸರು ಕಂಡರೆ ತುಂಡು ಮಾಡಿ

ಪಿತ್ತ-ಜನಕ-ಅಂಗ: ಪಿತ್ತವನ್ನು ಹುಟ್ಟಿಸುವ ಅಂಗ, ಪಿತ್ತಜನಕಾಂಗ. ಮೇದೋಜ್ಜೀರಕವನ್ನು ಮೇ-ದೋಜ್-ಜೀ-ರಕ ಎಂದು ನಿಧಾನವಾಗಿ ಮೂರು ಸಲ ಹೇಳಿ, ನಾಲ್ಕನೇ ಸಲ ತಾನಾಗಿ ಬರುತ್ತದೆ. ಕೋಶ ಎಂದರೆ ಚೀಲ ಎಂದು ಗೊತ್ತಿದ್ದರೆ ಶ್ವಾಸಕೋಶ, ಮೂತ್ರಕೋಶ, ಗರ್ಭಕೋಶ ಮೂರೂ ಸುಲಭ.

ಇಂಗ್ಲಿಷ್ ಹೆಸರುಗಳ ಉಚ್ಚಾರ

1. ಗ್ರೀಕ್ ಮೂಲದ ಪದಗಳಲ್ಲಿ ಸಿ ಮತ್ತು ಎಚ್ ಅಕ್ಷರಗಳು ಜೊತೆಯಾಗಿ ಬಂದರೆ ಸಾಮಾನ್ಯವಾಗಿ 'ಕ' ಎನ್ನಬೇಕು, 'ಚ' ಅಲ್ಲ. ಟ್ರೇಕಿಯ, ಬ್ರಾಂಕಸ್, ಕಾಕ್ಲಿಯ, ಮೈಟೊಕಾಂಡ್ರಿಯ.

2. ನ್ಯುಮೋನಿಯದ ಕಾಗುಣಿತ ಪಿ ಅಕ್ಷರದಿಂದ ಶುರುವಾಗುತ್ತದೆ. ಆದರೆ ಅದನ್ನು ಉಚ್ಚರಿಸುವುದಿಲ್ಲ.

3. ಯುರೀಟರ್ ಬೇರೆ, ಯುರೀಥ್ರಾ ಬೇರೆ. ಯುರೀಟರ್ ಎರಡಿವೆ, ಅವು ಮೂತ್ರಪಿಂಡಗಳಿಂದ ಮೂತ್ರಕೋಶಕ್ಕೆ ಬರುತ್ತವೆ. ಯುರೀಥ್ರಾ ಒಂದೇ, ಅದು ಮೂತ್ರಕೋಶದಿಂದ ಹೊರಕ್ಕೆ.

4. ಸಣ್ಣ ಕರುಳಿನ ಕೊನೆಯ ಭಾಗವೂ ಇಲಿಯಂ, ಸೊಂಟದ ಮೂಳೆಯ ಮೇಲ್ಭಾಗವೂ ಇಲಿಯಂ! ಉಚ್ಚಾರ ಒಂದೇ. ಬರೆಯುವಾಗ ಮಾತ್ರ ಕರುಳಿನದಕ್ಕೆ ಮೂರನೇ ಅಕ್ಷರ ಇ, ಮೂಳೆಯದಕ್ಕೆ ಐ. ಹೇಳುವಾಗ 'ಕರುಳಿನ ಇಲಿಯಂ', 'ಮೂಳೆಯ ಇಲಿಯಂ' ಎಂದರೆ ಗೊಂದಲವಿಲ್ಲ.

ನಾಳೆ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕುಳಿತಾಗ ಕನ್ನಡದಲ್ಲಿ ಓದಿದೆವಲ್ಲ ಎಂದು ಹಿಂಜರಿಯಬೇಡಿ. ಅಂಗ ಅದೇ, ಕೆಲಸವೂ ಅದೇ. ಅದು ನಿಮಗೆ ಆಗಲೇ ಗೊತ್ತು; ಹೊಸದಾಗಿ ಕಲಿಯಬೇಕಾದದ್ದು ಹೆಸರು ಮಾತ್ರ.

ಮಾಡಿ ನೋಡಿ: 'ಮಹಾಪಧಮನಿ' ಪದವನ್ನು ಬಿಡಿಸಿ ಬರೆಯಿರಿ. ಅದರಲ್ಲಿ ರಕ್ತ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಪುಸ್ತಕ ನೋಡದೆ ಪಕ್ಕದವರಿಗೆ ವಿವರಿಸಿ.